ಅದೇನಾ, ಅಂಥದ್ದೇನಾ?

ಜೊಂಜು ಪಟ್ಟಣಕ್ಕೆ ಎರಡು ಹೆಮ್ಮೆಗಳಿವೆ. ಒಂದು, ಐನೂರು ವರ್ಷ ದೇಶವಾಳಿದ ರಾಜವಂಶದ ಬೇರು ಇಲ್ಲಿನದು. ಇನ್ನೊಂದು, ತಾಕ್ ಮಾಲ್ಸುನ್ ಇಲ್ಲಿ ವಾಸವಾಗಿರುವುದು. ರಾಜವಂಶಕ್ಕೆ ಗುಡಿ ಕಟ್ಟಿದ್ದಾರೆ, ಚಿತ್ರಪಟ ಇಟ್ಟಿದ್ದಾರೆ, ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಾರೆ. ತಾಕ್ ಮಾಲ್ಸುನ್‌ಗೆ ಇನ್ನೂ ಯಾರೂ ಏನೂ ಕಟ್ಟಿಲ್ಲ. ಆ ಕೊರತೆ ತುಂಬಲು ನಾನು ಕೂತಿದ್ದೇನೆ.

ಈಕೆಯ ಕೀರ್ತಿ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಯಾರ ಬಾಯಿಂದಲಾದರೂ "ಅದೇ" ಎಂಬ ಮಾತು ಬಿದ್ದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, "ಅದೇನಾ, ಅಂಥದ್ದೇನಾ?" ಎಂದು ಕೇಳುತ್ತಾಳೆ. ಉತ್ತರ ಬರುವವರೆಗೆ ಬಿಡುವುದಿಲ್ಲ. ಮಾರುಕಟ್ಟೆ ಬೀದಿಯ ಔಷಧದಂಗಡಿಯವನು ಒಮ್ಮೆ, ಪಾಪ, "ಹೋದ ಸಲದ ಅದೇ ಮಾತ್ರೆ ಕೊಡಲಾ?" ಎಂದ. "ಹೋದ ಸಲದ್ದು ನನ್ನ ಹೊಟ್ಟೇಲಿ ಕರಗಿಹೋಯ್ತಲ್ಲಪ್ಪ, ಅದನ್ನ ಹೇಗೆ ಕೊಡ್ತೀಯ?" ಎಂದಳು. ಅಂದಿನಿಂದ ಅವನು ಆಕೆ ಬಂದರೆ ಮಾತಿಲ್ಲದೆ ಡಬ್ಬಿ ಚಾಚುತ್ತಾನೆ. ಅದಕ್ಕೂ ಮೊದಲು, ಆಕೆಗೆ ಮೂವತ್ತು ದಾಟಿದ ಹೊಸದರಲ್ಲಿ, ಮದುವೆ ದಲ್ಲಾಳಿಯೊಬ್ಬಳು ಒಬ್ಬ ಗಂಡನ್ನು ಕಾಫಿ ಅಂಗಡಿಗೆ ಕರೆತಂದಿದ್ದಳಂತೆ. ಬ್ಯಾಂಕಿನವನು, ಒಳ್ಳೆಯ ಮೈಕಟ್ಟು. ಮಾತಿಗೆ ಮಾತು ಬಂದು, "ನಿಮಗಿಷ್ಟವಾದ ಪುಸ್ತಕಾನೇ ನಾನೂ ಓದ್ತಿರೋದು" ಎಂದು ನಾಚಿದ. ಈಕೆ ಕನ್ನಡಕ ಏರಿಸಿ, "ನನ್ನ ಪ್ರತೀನಾ, ನಿಮ್ಮದೇ ಬೇರೆ ಪ್ರತೀನಾ? ನನ್ನದು ಎರಡು ವರ್ಷದಿಂದ ಕಾಣ್ತಿಲ್ಲ" ಎಂದಳು. ಗಂಡು ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಪೂಸಾನಿಗೆ ಹೋಗಿ ಮೀನು ಹಿಡಿಯುವ ಹಡಗು ಹತ್ತಿದ ಎಂದು ಕೆಲವರು ಹೇಳುತ್ತಾರೆ. ಪುಸ್ತಕ ಅವನ ಹತ್ತಿರವೇ ಇತ್ತು ಎಂದು ನಾನು ಹೇಳುತ್ತೇನೆ.

ನಮ್ಮ ಕಚೇರಿ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಇಸ್ತ್ರಿಯ ಹಬೆ ಚಳಿಗಾಲದಲ್ಲಿ ನಮ್ಮನ್ನು ಬೆಚ್ಚಗಿಡುತ್ತಿತ್ತು. ಬೇಸಿಗೆಯಲ್ಲೂ ಇಡುತ್ತಿತ್ತು, ಆ ಮಾತು ಬೇಡ. ಇದ್ದವರು ಮೂವರು. ಯಜಮಾನ ಬಾಂಗ್ ಗಿತೇ, ಮೂವತ್ತನಾಲ್ಕರ ಹುಡುಗ, ಉತ್ಸಾಹ ಜಾಸ್ತಿ. ವಿಮಾ ಕಂಪನಿಯ ಕೆಲಸ ಬಿಟ್ಟು ಬಂದ ತಾಕ್, ನಲವತ್ತನಾಲ್ಕು. ಮತ್ತು ನಾನು, ಆಕೆಯದೇ ವಯಸ್ಸು, ಪರದೆಯ ಮೇಲಿನ ಚಿತ್ರ ಬಿಡಿಸುವವನು. ನಾವು ಮಾಡುತ್ತಿದ್ದದ್ದು ಬಾದುಕ್ ಆಟದ ಪ್ರೋಗ್ರಾಂ. ಗೀಟುಗಳು ಕೂಡುವಲ್ಲೆಲ್ಲ ಒಬ್ಬ ಕಪ್ಪು ಕಲ್ಲು, ಇನ್ನೊಬ್ಬ ಬಿಳಿ ಕಲ್ಲು ಇಡುತ್ತ, ಎದುರಾಳಿಯ ಕಲ್ಲನ್ನು ಸುತ್ತುವರಿದು ತೆಗೆಯುತ್ತ ಜಾಗ ಹಿಡಿಯುವ ಆಟ. ಊರ ಓಣಿಗಳಲ್ಲಿ ಮುದುಕರು ಹೊಗೆ ಬಿಡುತ್ತ ಕೂರುವ ಬಾದುಕ್ ಮನೆಗಳನ್ನೆಲ್ಲ ತಂತಿಯಲ್ಲಿ ಜೋಡಿಸಿ, ಒಂದು ಓಣಿಯ ಮುದುಕ ಇನ್ನೊಂದು ಓಣಿಯ ಮುದುಕನನ್ನು ಚಪ್ಪಲಿ ಮೆಟ್ಟದೆ ಸೋಲಿಸುವ ಹಾಗೆ ಮಾಡುವುದು ಗಿತೇಯ ಕನಸು. ವಿಶ್ವಕಪ್ ಫುಟ್‌ಬಾಲ್ ನಮ್ಮೂರಿಗೆ ಬರುವ ಹಿಂದಿನ ವರ್ಷ ಅದು. ಎಲ್ಲರಿಗೂ ಒಂದೊಂದು ಕನಸಿತ್ತು.

ಪ್ರೋಗ್ರಾಂ ಬರೆಯುವುದರಲ್ಲಿ ತಾಕ್ ನಿಜವಾಗಿ ಗಟ್ಟಿಗಿತ್ತಿ. ವಿನಯ ಮಾತ್ರ ಆಕೆಯ ಹತ್ತಿರ ಸುಳಿದಿರಲಿಲ್ಲ. "ಈ ಊರಲ್ಲಿ ಚೆನ್ನಾಗಿ ಬರೆಯೋರು ಇಬ್ಬರೇ," ಎನ್ನುತ್ತಿದ್ದಳು. "ಒಬ್ಬಳು ನಾನು. ಇನ್ನೊಬ್ಬಳು ಊಟ ಆದ ಮೇಲಿನ ನಾನು."

ಅಕ್ಟೋಬರ್ ಕೊನೆಗೆ ಗಿತೇಗೆ ಗಂಡುಮಗು ಹುಟ್ಟಿತು. ಮಗು ಹುಟ್ಟಿದ್ದು ಸಂತೋಷ, ಅಜ್ಜಂದಿರು ಇಬ್ಬರಿದ್ದದ್ದು ಕಷ್ಟ.

ಗಿತೇಯ ಅಪ್ಪ, ಮುದುಕ ಬಾಂಗ್, ನದಿದಂಡೆಯ ಬಾದುಕ್ ಮನೆಯ ಯಜಮಾನ. ಗಿತೇಯ ಮಾವ ಗುಕ್, ರೈಲ್ವೆ ನಿಲ್ದಾಣದ ಹಿಂದಿನ ಕ್ಷೌರದಂಗಡಿಯವರು. ಬೀಗರಾದ ದಿನವೇ ಇಬ್ಬರೂ ಒಂದು ಆಟಕ್ಕೆ ಕೂತಿದ್ದರು. ನಡುವೆ ಒಬ್ಬರು ಇಟ್ಟ ಕಲ್ಲನ್ನು ಮತ್ತೆ ಎತ್ತಿಕೊಂಡರು. ಎತ್ತಿಕೊಂಡವರು ಯಾರು ಎಂಬ ಬಗ್ಗೆ ಎರಡು ಮನೆಗಳಲ್ಲಿ ಎರಡು ಇತಿಹಾಸಗಳಿವೆ. ಅಲ್ಲಿಂದ ಮುಂದೆ ಅವರು ಎದುರುಬದುರು ಕೂತದ್ದಿಲ್ಲ. ಹಬ್ಬಗಳಲ್ಲಿ ಕೂಡ ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರು ಬರುವುದು.

ಈಗ ಮಗುವಿಗೆ ಹೆಸರಿಡುವ ಹಕ್ಕು ಯಾರದು? ಮುದುಕ ಬಾಂಗ್ ವಂಶಾವಳಿ ತೆಗೆದು, ಆ ತಲೆಮಾರಿಗೆ ಸಲ್ಲುವ ಅಕ್ಷರ ಹುಡುಕಿ, ಹಾಕ್‌ಚೊಲ್ ಎಂದು ಸಾರಿದರು. ಗುಕ್ ಹೆಸರು ನೋಡುವ ಜೋಯಿಸನ ಹತ್ತಿರ ಹೋಗಿ, ಘಳಿಗೆ ಕೊಟ್ಟು, ಗ್ವಾಂಗ್‌ಪಿಲ್ ಎಂದು ಬರೆಸಿಕೊಂಡು ಬಂದರು. ಗಿತೇಯ ಹೆಂಡತಿ ಸೋಹೀ ಎರಡನ್ನೂ ಕೇಳಿ ಮಗುವನ್ನು ಎದೆಗವಚಿಕೊಂಡಳು.

"ಒಂದು ಹೆಸರು ಪಿಂಚಣಿಗೆ ಕ್ಯೂ ನಿಂತೋರ ಥರ ಇದೆ. ಇನ್ನೊಂದು ಚುನಾವಣೆಗೆ ನಿಂತು ಸೋತೋರ ಥರ. ಇದು ಇನ್ನೂ ಹಲ್ಲು ಬರದ ಕೂಸು ಕಣ್ರೀ!"

ಕೂಸಿಗೆ ಅಲ್ಲಿಯವರೆಗೆ ಇದ್ದದ್ದು ಹೊಟ್ಟೆಯಲ್ಲಿದ್ದಾಗಿನ ಹೆಸರು, ಕಾಳು. ಜನನ ನೋಂದಣಿಗೆ ಒಂದು ತಿಂಗಳ ಗಡುವು. ನೋಂದಣಿ ಕಚೇರಿಯಲ್ಲಿ ಕಾಳು ಎಂದು ಬರೆಸಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಉಳಿದದ್ದು ಒಂದು ಶನಿವಾರ ಮತ್ತು ಅದರ ಮುಂದಿನ ಸೋಮವಾರ.

ತೀರ್ಮಾನವಾಯಿತು. ಒಂದೇ ಆಟ. ಗೆದ್ದವರು ಹೆಸರಿಡುವುದು. ಮುಖ ನೋಡುವ ಹಾಗಿಲ್ಲವಾದ್ದರಿಂದ ಗಿತೇಯ ಪ್ರೋಗ್ರಾಂ ಮೂಲಕ, ಒಬ್ಬರು ಬಾದುಕ್ ಮನೆಯಲ್ಲಿ, ಇನ್ನೊಬ್ಬರು ಕ್ಷೌರದಂಗಡಿಯಲ್ಲಿ. ಯಂತ್ರ ಹೇಳಿದ್ದೇ ಕೊನೆಯ ಮಾತು. "ಯಾರೂ ಗೆಲ್ಲದಿದ್ರೆ?" ಎಂದು ಸೋಹೀ ಕೇಳಿದ್ದಕ್ಕೆ ಇಬ್ಬರೂ ಮುದುಕರು, ಬೇರೆ ಬೇರೆ ದಿನ, ಬೇರೆ ಬೇರೆ ಮನೆಯಲ್ಲಿ, ಒಂದೇ ರೀತಿ ನಕ್ಕರು. ಸಮ ಆಗಬಾರದು ಅಂತಲೇ ಬಾದುಕ್‌ನಲ್ಲಿ ಅರ್ಧ ಅಂಕ ಇಟ್ಟಿದ್ದಾರೆ. "ಹಾಗಾದ್ರೆ ನೀನೇ ಇಟ್ಕೋ, ಹೋಗು" ಎಂದರು.

ಹೀಗೆ ಒಂದು ಕೂಸಿನ ಹೆಸರು ನಮ್ಮ ಮಹಡಿಯ ಮೇಲೆ ಬಂದು ಕೂತಿತು. ಪ್ರೋಗ್ರಾಂ ಇನ್ನೂ ಅರೆಬೆಂದಿತ್ತು.

ಬಾದುಕ್‌ನಲ್ಲಿ ಅಪರೂಪಕ್ಕೆ ಒಂದು ಸಂಗತಿ ನಡೆಯುತ್ತದೆ. ಮಣೆಯ ಮೂರು ಕಡೆ ಒಬ್ಬರ ಕಲ್ಲನ್ನು ಒಬ್ಬರು ತೆಗೆಯುವ ಅವಕಾಶ ಒಟ್ಟಿಗೆ ಹುಟ್ಟಿಬಿಟ್ಟರೆ, ಇವನು ಇಲ್ಲಿ ತೆಗೆಯುತ್ತಾನೆ, ಅವನು ಅಲ್ಲಿ ತೆಗೆಯುತ್ತಾನೆ, ಸುತ್ತು ತಿರುಗಿ ಇಡೀ ಮಣೆ ಮೊದಲು ಹೇಗಿತ್ತೋ ಹಾಗೇ ಬಂದು ನಿಲ್ಲುತ್ತದೆ. ಯಾರೂ ಬಿಟ್ಟುಕೊಡದಿದ್ದರೆ ಪ್ರಳಯದವರೆಗೆ ಸುತ್ತಬಹುದು. ಆದ್ದರಿಂದ ಮಣೆ ಮರುಕಳಿಸಿದ ಕೂಡಲೇ ಆಟ ರದ್ದು ಎಂಬುದು ನಮ್ಮ ಪ್ರೋಗ್ರಾಂನ ನಿಯಮ. ಆ ಭಾಗವನ್ನು ಗಿತೇ ತಾನೇ ಬರೆದಿದ್ದ. ಪ್ರತಿ ನಡೆಯಾದ ಮೇಲೆ ಮಣೆಯನ್ನು ಎತ್ತಿಡುವುದು, ಹೊಸ ಮಣೆಯನ್ನು ಎತ್ತಿಟ್ಟ ಹಳೆಯವಕ್ಕೆಲ್ಲ ಹೋಲಿಸುವುದು. ಇದರಲ್ಲೇನು ಬ್ರಹ್ಮವಿದ್ಯೆ?

ಪರೀಕ್ಷೆಗೆ ನಾನು ಒಂದು ಕಪ್ಪು ಕಲ್ಲಿಟ್ಟೆ. ತಾಕ್ ಒಂದು ಬಿಳಿ ಕಲ್ಲಿಟ್ಟಳು. ಪರದೆಯ ಮೇಲೆ ಅಕ್ಷರ ಮೂಡಿತು: ಈ ಮಣೆ ಹಿಂದೆ ಬಂದಿದೆ. ಆಟ ರದ್ದು.

"ಶುರುವಾಗೋ ಮೊದಲೇ ರದ್ದು," ಎಂದೆ. "ಗಿತೇ, ನಿನ್ನ ಮಗನಿಗೆ ಕಾಳು ಅನ್ನೋದೇ ಗಟ್ಟಿ."

"ಸುಮ್ನಿರಿ ಅಣ್ಣಾ," ಎಂದ ಗಿತೇ, ಅಳುವ ಮುಖದಲ್ಲಿ. ಮಣೆ ಖಾಲಿ ಮಾಡಿ ಮತ್ತೆ ಆಡಿಸಿದ. ಮತ್ತೆ ರದ್ದು. ಏನು ಮಾಡಿದರೂ ಯಂತ್ರಕ್ಕೆ ಎಲ್ಲ ಮಣೆಯೂ ಒಂದೇ. ವೇದಾಂತಿಗಳು ಜೀವಮಾನವಿಡೀ ತಪಸ್ಸು ಮಾಡಿ ಮುಟ್ಟುವ ಸ್ಥಿತಿಯನ್ನು ನಮ್ಮ ಕಂಪ್ಯೂಟರ್ ಎರಡನೇ ನಡೆಗೆ ಮುಟ್ಟಿತ್ತು.

ತಾಕ್ ಕೋಡ್ ನೋಡಿದಳು, ನಕ್ಕಳು, "ಹಸಿವಾಗ್ತಿದೆ" ಎಂದಳು.

ಎದುರು ರಸ್ತೆಯ ಊಟದಂಗಡಿಯವಳನ್ನು ಊರೆಲ್ಲ ಚಿಕ್ಕಮ್ಮ ಎನ್ನುತ್ತದೆ. ಅವಳು ಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕಿದ ಸಾರಿನ ಕುದಿಯುವ ಪಾತ್ರೆಯನ್ನು ಮೂವರ ನಡುವೆ ಇಟ್ಟು ಹೋದಳು. ಮೂರು ಚಮಚ ಒಳಗಿಳಿದವು. ಆಗ ತಾಕ್ ಮೆಣಸಿನಪುಡಿಯ ಭರಣಿ ಎತ್ತಿ ಪಾತ್ರೆಗೆ ಸುರಿದಳು.

"ಅಕ್ಕಾ! ನನಗೆ ಖಾರ ಆಗಲ್ಲ ಅಂತ ಗೊತ್ತಿಲ್ವಾ!"

"ನಿನಗೆಲ್ಲಿ ಹಾಕಿದೆ? ನನ್ನ ಸಾರಿಗೆ ಹಾಕ್ಕೊಂಡೆ."

"ನಿಮ್ಮ ಸಾರೇನು, ನನ್ನ ಸಾರೇನು, ಇರೋದೇ ಒಂದು ಪಾತ್ರೆ!"

"ಹಾಂ. ಈಗ ಬಂದೆ ದಾರಿಗೆ," ಎಂದು ತಾಕ್ ಕನ್ನಡಕ ಏರಿಸಿದಳು. "ಪ್ರತಿ ನಡೆಗೂ ಮಣೆ ಎತ್ತಿಡ್ತೀನಿ ಅಂದ್ಕೊಂಡಿದ್ದೀಯ. ನೀನು ಎತ್ತಿಡ್ತಿರೋದು ಮಣೇನಲ್ಲ ಮಾರಾಯ, ಮಣೆ ಎಲ್ಲಿದೆ ಅನ್ನೋ ವಿಳಾಸ. ಮೊದಲ ನಡೆಯ ಚಮಚಾನೂ ಇದೇ ಪಾತ್ರೇಲಿದೆ, ಹತ್ತನೇದರ ಚಮಚಾನೂ ಇದೇ ಪಾತ್ರೇಲಿದೆ. ಇವತ್ತು ಇಟ್ಟ ಕಲ್ಲು ನಿನ್ನೆಗೂ ಬೀಳುತ್ತೆ. ಆಮೇಲೆ ನಿನ್ನೇನೂ ಇವತ್ತೂ ಒಂದೇನಾ ಅಂತ ಕೇಳಿದ್ರೆ, ಹೌದು ಅನ್ನದೆ ಇನ್ನೇನು ಅನ್ನುತ್ತೆ ಅದು?"

"ಹಾಗಾದ್ರೆ?"

"ಚಿಕ್ಕಮ್ಮಾ, ಇವನಿಗೊಂದು ಬಟ್ಟಲು ಕೊಡಿ. ಬೇರೆ ಬಡಿಸಿ ಎತ್ತಿಡು. ಆಮೇಲೆ ನಾನು ಪಾತ್ರೆಗೆ ಏನು ಸುರಿದ್ರೂ ನಿನ್ನ ಬಟ್ಟಲಿಗೆ ಬರಲ್ಲ."

"ಈಗಾಗ್ಲೇ ಸುರಿದಾಯ್ತಲ್ಲ," ಎಂದು ಗಿತೇ ಕಣ್ಣೊರೆಸಿಕೊಂಡ. ಖಾರಕ್ಕೋ, ಜ್ಞಾನೋದಯಕ್ಕೋ, ಹೇಳಲಾರೆ.

ಊಟ ಮುಗಿಸಿ ಬಂದು ಬಟ್ಟಲಿನ ಲೆಕ್ಕದಲ್ಲಿ ತಿದ್ದಿದ. ಮತ್ತೆ ಆಡಿಸಿದರೆ ಮತ್ತೆ ರದ್ದು! ಗಿತೇ ತಲೆ ಮೇಜಿಗೆ ಕುಟ್ಟಿಕೊಂಡ. ತಾಕ್ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಮಣೆ ಅಂದ್ರೆ ಹತ್ತೊಂಬತ್ತು ಸಾಲು. ನೀನು ಹೊಸ ಬೀರು ಮಾಡಿಸಿ, ಅದರೊಳಗೆ ಹಳೇ ಬೀರುವಿನ ಡ್ರಾಯರುಗಳನ್ನೇ ಸಿಗಿಸಿದ್ದೀಯಲ್ಲೋ. ಹೊರಗಿಂದ ಎರಡು ಬೀರು. ಒಳಗಿರೋ ಚಡ್ಡಿ ಬನೀನು ಒಂದೇ."

"ಎಷ್ಟು ಒಳಗೆ ಹೋಗ್ಬೇಕು ಅಕ್ಕಾ?"

"ಕಲ್ಲು ಕೈಗೆ ತಾಗೋವರೆಗೂ."

ಈ ಮಾತನ್ನು ಆಕೆ ಯಾವ ಗಾಂಭೀರ್ಯದಲ್ಲಿ ಹೇಳಿದಳೆಂದರೆ, ನಾನು ಅದನ್ನು ಕಾಗದಕ್ಕೆ ಬರೆದು ಗೋಡೆಗೆ ಅಂಟಿಸಿದೆ. ಗಿತೇ ಅದನ್ನು ಎದೆಗೆ ಅಂಟಿಸಿಕೊಂಡ. ಕಷ್ಟ ಶುರುವಾದದ್ದು ಅಲ್ಲಿಂದ. ಉತ್ಸಾಹಿಗಳಿಗೆ ಉಪದೇಶ ಕೊಡಬಾರದು. ಒಳಗೆ ಹೋಗು ಎಂದರೆ ಅವರು ಆಚೆ ಕಡೆಯಿಂದ ಹೊರಗೆ ಬರುತ್ತಾರೆ.

ಮಾರನೆಯ ದಿನ ಎಲ್ಲ ಸರಿಯಾಗಿತ್ತು. ಕಲ್ಲುಗಳು ಬಿದ್ದವು, ನಾನು ನಿಜವಾದ ಕಲ್ಲಿನಿಂದ ಹಿಡಿದಿಟ್ಟ 'ಟಕ್' ಸದ್ದು ಮಧುರವಾಗಿ ಬಂತು, ರದ್ದು ಎಂಬ ಮಾತೇ ಇಲ್ಲ. ಗಿತೇ ಕುಣಿಯುತ್ತ, "ಅಕ್ಕಾ, ಒಂದ್ಸಲ ಕಣ್ಣಾಡಿಸಿ" ಎಂದ. ತಾಕ್‌ಳ ಒಂದು ಕೈಯಲ್ಲಿ ಬೀದಿಯಿಂದ ತಂದ ಬಿಸಿ ಹೊತ್ತೊಕ್ ಇತ್ತು, ಒಳಗಿನ ಬೆಲ್ಲದ ಪಾಕ ಬೆರಳಿಗೆ ಇಳಿಯುತ್ತಿತ್ತು. ಆಕೆ ಬೆರಳು ನೆಕ್ಕುತ್ತ ಪರದೆಯ ಕಡೆ ಹಣೆ ತೋರಿಸಿ, "ಹೂಂ, ಸರಿ ಇದೆ" ಎಂದಳು.

ಶನಿವಾರ ಮಧ್ಯಾಹ್ನ ಮಹಾಯುದ್ಧ ಆರಂಭವಾಯಿತು.

ನದಿದಂಡೆಯ ಶಿಬಿರದಲ್ಲಿ ಮುದುಕ ಬಾಂಗ್, ಸುತ್ತ ಕಿಮ್ಮತ್ತಿನ ಸಲಹೆ ಕೊಡುವ ಹತ್ತಾರು ಗೆಳೆಯರು. ನಿಲ್ದಾಣದ ಹಿಂದಿನ ಶಿಬಿರದಲ್ಲಿ ಗುಕ್, ಎದುರಿನ ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಬಿಸಿ ಟವಲಿನೊಳಗೆ ಕೂತ ಒಬ್ಬ ಗಿರಾಕಿ. ನಡುವೆ ನಮ್ಮ ಮಹಡಿ, ನಾವು ಮೂವರು. ಮನೆಯಿಂದ ಸೋಹೀ ದೂರವಾಣಿಯಲ್ಲಿ, ಅವಳ ತೋಳಲ್ಲಿ ಹೆಸರಿಲ್ಲದ ಕಾಳು.

ಆಟವೇನೋ ಚೆನ್ನಾಗಿಯೇ ನಡೆಯಿತು. ಬಾಂಗ್‌ರ ಕಪ್ಪು ಎಡಕ್ಕೆ ನುಗ್ಗಿತು, ಗುಕ್‌ರ ಬಿಳಿ ಬಲಕ್ಕೆ ಹಬ್ಬಿತು. ನಾಲ್ಕು ಗಂಟೆಯ ಹೊತ್ತಿಗೆ ನಾನು ಜೀವನದಲ್ಲಿ ನೋಡದ ಸಂಗತಿ ಕಣ್ಣೆದುರು ಬೆಳೆಯಿತು. ಮೇಲೆ ಒಂದು ಕಡೆ ಕಲ್ಲು ತೆಗೆಯುವ ಜಗಳ, ಕೆಳಗೆ ಇನ್ನೊಂದು, ನಡುವೆ ಮತ್ತೊಂದು. ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದವು. ಬಾಂಗ್ ಇಲ್ಲಿ ತೆಗೆದರು. ಗುಕ್ ಅಲ್ಲಿ ತೆಗೆದರು. ಸುತ್ತು ಮುಗಿಯಿತು, ಮಣೆ ಮೊದಲಿನ ಹಾಗೇ ನಿಂತಿತು.

"ಈಗ ರದ್ದು ಅನ್ನುತ್ತೆ," ಎಂದ ಗಿತೇ, ಉಸಿರು ಹಿಡಿದು.

ಯಂತ್ರ ಏನೂ ಅನ್ನಲಿಲ್ಲ. ಬಾಂಗ್ ಮತ್ತೆ ತೆಗೆದರು. ಗುಕ್ ಮತ್ತೆ ತೆಗೆದರು. ಟಕ್, ಟಕ್. ಇನ್ನೊಂದು ಸುತ್ತು. ಮತ್ತೊಂದು. ಮಣೆಯ ಪಕ್ಕದಲ್ಲಿ ಮಾತಾಡುವ ಜಾಗದಲ್ಲಿ ಮುದುಕರ ಬೆರಳು ಓಡತೊಡಗಿತು.

"ಬೀಗರೇ, ಸೋತೆ ಅಂದ್ಬಿಡಿ. ವಯಸ್ಸಾಯ್ತು."

"ನಿಮಗಿಂತ ಎರಡು ವರ್ಷ ಚಿಕ್ಕವನು ನಾನು. ಆಡಿ, ಆಡಿ."

"ಕಲ್ಲು ವಾಪಸ್ ಎತ್ಕೊಳ್ಳೋಕೆ ಈ ಯಂತ್ರ ಬಿಡಲ್ಲ, ನೆನಪಿರಲಿ."

"ಎತ್ಕೊಂಡಿದ್ದು ಯಾರು ಅಂತ ದೇವರಿಗೆ ಗೊತ್ತು."

ಟಕ್, ಟಕ್, ಟಕ್. ನಾನು ಅಷ್ಟು ಪ್ರೀತಿಯಿಂದ ಹಿಡಿದಿಟ್ಟ ಸದ್ದನ್ನು ಕೇಳಲಾರದೆ ನಾನೇ ಕಿವಿ ಮುಚ್ಚಿಕೊಂಡೆ. ಇಬ್ಬರಲ್ಲಿ ಯಾರು ಬಿಟ್ಟುಕೊಟ್ಟರೂ ಸೋಲು, ಇಬ್ಬರೂ ಬಿಟ್ಟುಕೊಡುವ ಜಾತಿಯವರಲ್ಲ. ತಾಕ್ ಗಡಿಯಾರ ನೋಡಿದಳು, ಗಿತೇಯನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು, ಕೋಡ್ ತೆರೆದಳು.

"ಏನೋ ಇದು? ಆಟದ ಗಡಿಯಾರಾನೂ ಎತ್ತಿಟ್ಟಿದ್ದೀಯಾ?"

"ಹೂಂ ಅಕ್ಕಾ."

"ಅದನ್ನೂ ಹೋಲಿಸ್ತಿದ್ದೀಯಾ?"

"ಪೂರ್ತಿ ಒಳಗೆ ಹೋಗು ಅಂದ್ರಲ್ಲ..."

"ಇವರಿಬ್ಬರು ಬೈದಾಡ್ಕೊಂಡಿದ್ದನ್ನೂ?"

"ಎಲ್ಲಾನೂ."

ತಾಕ್ ಕುರ್ಚಿಗೊರಗಿದಳು. "ಗಡಿಯಾರ ಸೇರಿಸಿದ್ರೆ ಜಗತ್ತಲ್ಲಿ ಯಾವುದು ಎರಡು ಸಲ ಒಂದೇ ಆಗುತ್ತೋ? ಕಲ್ಲೆಲ್ಲ ಅದೇ ಜಾಗದಲ್ಲಿದ್ರೂ ಹತ್ತು ಸೆಕೆಂಡ್ ಕಳೆದಿರುತ್ತೆ. ಬೇರೆ ಅನ್ನುತ್ತೆ ಯಂತ್ರ. ಇನ್ನೊಂದು ಬೈಗುಳ ಸೇರಿರುತ್ತೆ. ಬೇರೆ ಅನ್ನುತ್ತೆ. ಮೊದಲು ಎಲ್ಲಾನೂ ಒಂದೇ ಅಂತಿತ್ತು, ಈಗ ಯಾವುದೂ ಒಂದೇ ಅಲ್ಲ ಅಂತಿದೆ. ಎಷ್ಟು ಒಳಗೆ ಹೋಗ್ಬೇಕು ಅಂತ ಹೇಳಿದೆ ನಾನು. ಏನೇನು ಎಣಿಕೆಗೆ ತಗೋಬೇಕು ಅಂತ ಯೋಚನೆ ಮಾಡೋದು ನಿನ್ನ ಕೆಲಸ ಅಲ್ವಾ?"

"ನೋಡಿ ಸರಿ ಇದೆ ಅಂದೋರು ಯಾರು?" ಎಂದ ಗಿತೇ. ಅವನಿಗೂ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

"ನಾನೇ," ಎಂದಳು ತಾಕ್. "ಬಾಯಲ್ಲಿ ಹೊತ್ತೊಕ್ ಇತ್ತು."

ಅಷ್ಟು ಹೇಳಿ ಟೈಪು ಮಾಡತೊಡಗಿದಳು. ಮಣೆಯ ಮೇಲಿನ ಕಲ್ಲು, ಮುಂದಿನ ಸರದಿ ಯಾರದು, ಈ ಎರಡನ್ನು ಮಾತ್ರ ಹೋಲಿಸಬೇಕು. ಗಡಿಯಾರ ಬೇಡ, ಬೈಗುಳ ಬೇಡ, ಯಾರ ಹೆಸರೂ ಬೇಡ. ತಿದ್ದಿ, ಒಂದು ಗುಂಡಿ ಒತ್ತಿ ಯಂತ್ರವನ್ನು ಮತ್ತೆ ಶುರು ಮಾಡಿದರೆ ಅದು ಆಟವನ್ನು ಮೊದಲ ನಡೆಯಿಂದ ತಾನೇ ಮತ್ತೆ ಆಡಿಕೊಂಡು ಬಂದು, ಮಣೆ ಎಲ್ಲಿ ಮರುಕಳಿಸಿತೋ ಅಲ್ಲಿ ನಿಲ್ಲುತ್ತದೆ.

ಅಷ್ಟರಲ್ಲಿ ಕ್ಷೌರದಂಗಡಿಯಲ್ಲಿ ಟವಲಿನೊಳಗಿದ್ದ ಗಿರಾಕಿ ಸೀನಿದ.

ಆ ಸೀನಿನ ಬಗ್ಗೆ ಊರಲ್ಲಿ ಇವತ್ತಿಗೂ ಚರ್ಚೆಯಿದೆ. ಅದು ಬಾಂಗ್ ಕಡೆಯ ಗೂಢಚಾರನ ಸೀನು ಎನ್ನುವವರೂ ಇದ್ದಾರೆ. ಏನೇ ಇರಲಿ, ಗುಕ್ ಬೆಚ್ಚಿದರು, ಕೈ ಜಾರಿತು, ಬಿಳಿ ಕಲ್ಲು ಯಾರಿಗೂ ಬೇಡವಾದ ಮೂಲೆಯಲ್ಲಿ ಹೋಗಿ ಕೂತಿತು. ಮುದುಕ ಬಾಂಗ್ ಒಂದು ಕ್ಷಣವೂ ಕಳೆಯಲಿಲ್ಲ. ಟಕ್. ಗಂಟು ಬಿಚ್ಚಿತು, ಬಿಳಿಯ ದೊಡ್ಡ ಗುಂಪೊಂದು ಸತ್ತು ಬಿತ್ತು. ಇನ್ನೊಂದು ಗಂಟೆ ಆಡಿ ಮುಗಿಸಿದರೆ ಕೂಸಿನ ಹೆಸರು ಹಾಕ್‌ಚೊಲ್.

ಗಿತೇ ನೆಗೆದು ತಾಕ್‌ಳ ಕೈ ಹಿಡಿದ. "ಬೇಡ ಅಕ್ಕಾ! ಅಪ್ಪ ಗೆಲ್ತಿದ್ದಾರೆ! ಈಗ ರದ್ದು ಮಾಡಿದ್ರೆ ನಾನು ಆ ಮನೆ ಹೊಸಲು ತುಳಿಯೋ ಹಾಗಿಲ್ಲ!"

ದೂರವಾಣಿಯಿಂದ ಸೋಹೀಯ ದನಿ ಸಿಡಿಯಿತು. "ಗಿತೇ! ನಿನ್ನ ತಪ್ಪಿಂದ ತಾನೇ ನಮ್ಮಪ್ಪ ಇಷ್ಟೊತ್ತು ಸುತ್ತಿದ್ದು? ರದ್ದಾಗಬೇಕಿದ್ದ ಆಟ ಗಂಟೆ ಹಿಂದೇನೇ ರದ್ದಾಗ್ಬೇಕಿತ್ತು! ಅಕ್ಕಾ, ಒತ್ತಿ! ನನ್ನ ಕೂಸಿಗೆ ಪಿಂಚಣಿಯವರ ಹೆಸರು ಬೇಡ!"

"ಅಕ್ಕಾ, ಒತ್ಬೇಡಿ! ಈ ಆಟ ಮುಗೀಲಿ, ಸೋಮವಾರ ತಿದ್ದಿದ್ರಾಯ್ತು!"

"ಒತ್ತದಿದ್ರೆ ನಾನು ಕೂಸು ಎತ್ಕೊಂಡು ಅಲ್ಲಿಗೇ ಬರ್ತೀನಿ ನೋಡಿ!"

ಹಿನ್ನೆಲೆಯಲ್ಲಿ ಕಾಳು ಕಿರುಚತೊಡಗಿತು. ನಾನು ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಬೆರಳು ಅಲ್ಲಿದ್ದಿದ್ದರೆ ಮರಗಟ್ಟುತ್ತಿತ್ತು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಹೆಂಡತಿ, ನಡುವೆ ಕೂಸು, ಮೇಲೆ ಎರಡು ವಂಶ. ತಾಕ್ ಮಾಲ್ಸುನ್ ಗಿತೇಯ ಕೈಯನ್ನು ತನ್ನ ಮಣಿಕಟ್ಟಿನಿಂದ ಬಿಡಿಸಿದಳು. ಕಿಟಕಿಯಾಚೆ ಒಮ್ಮೆ ನೋಡಿದಳು. ಒತ್ತಿದಳು.

ಪರದೆ ಕಪ್ಪಾಯಿತು. ಮತ್ತೆ ಬೆಳಗಿತು. ಖಾಲಿ ಮಣೆಯ ಮೇಲೆ ಕಲ್ಲುಗಳು ಆಲಿಕಲ್ಲಿನ ಹಾಗೆ ಸುರಿದು, ಮಧ್ಯಾಹ್ನವೆಲ್ಲ ನಡೆದದ್ದು ನಿಮಿಷದಲ್ಲಿ ನಡೆದು, ಮೊದಲ ಸುತ್ತು ತಿರುಗಿ ನಿಂತಲ್ಲಿ ನಿಂತವು. ಈ ಮಣೆ ಹಿಂದೆ ಬಂದಿದೆ. ಆಟ ರದ್ದು. ಆಮೇಲಿನ ಸುತ್ತುಗಳಾಗಲಿ, ಸೀನಾಗಲಿ, ಬಾಂಗ್‌ರ ವಿಜಯವಾಗಲಿ ಈ ಲೋಕದಲ್ಲಿ ನಡೆದೇ ಇರಲಿಲ್ಲ.

ತಿರುಗಿ ನೋಡಿದರೆ ತಾಕ್ ಕೋಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ವೀರರು ರಣಾಂಗಣದಲ್ಲಿ ನಿಂತು ಹಾರಕ್ಕೆ ಕಾಯುವುದಿಲ್ಲ ಎಂದು ನಾನು ಅಂದುಕೊಂಡೆ.

ಅರ್ಧ ಗಂಟೆಯಲ್ಲಿ ಮುದುಕರಿಬ್ಬರೂ ನಮ್ಮ ಮಹಡಿಯಲ್ಲಿದ್ದರು. ಒಬ್ಬರನ್ನೊಬ್ಬರು ಬೈಯಲು ಅಲ್ಲ, ನಮ್ಮನ್ನು ಬೈಯಲು. ಯಂತ್ರ ಸುಳ್ಳು ಹೇಳುತ್ತಿದೆ, ಮಣೆ ಮರುಕಳಿಸಿರಲಿಕ್ಕಿಲ್ಲ ಎಂದು ಬಾಂಗ್. ಇದ್ದರೂ ಇಷ್ಟು ತಡವಾಗಿ ಹೇಳುವುದಾ ಎಂದು ಗುಕ್. ನಾನು ಸದ್ದು ಹಿಡಿಯಲು ಇಟ್ಟುಕೊಂಡಿದ್ದ ನಿಜವಾದ ಮಣೆ, ನಿಜವಾದ ಕಲ್ಲು ತಂದು ನಡುವೆ ಇಟ್ಟೆ. ಯಂತ್ರದ ಸುಳ್ಳು ಸಾಬೀತು ಮಾಡಬೇಕೆಂಬ ಹಟದಲ್ಲಿ ಬೀಗರು ವರ್ಷಗಳ ನಂತರ ಮೊದಲ ಸಲ ಎದುರುಬದುರು ಕೂತು, ನಡೆ ನಡೆಯಾಗಿ ಆಡಿ ನೋಡಿದರು. ಸುತ್ತು ಬಂದು ನಿಂತಾಗ ಇಬ್ಬರೂ ಮಣೆಯ ಮೇಲೆ ಬಗ್ಗಿದರು.

"ಮೂರು ಗಂಟು," ಎಂದರು ಗುಕ್. "ನಾನು ಐವತ್ತು ವರ್ಷದಲ್ಲಿ ನೋಡಿರಲಿಲ್ಲ ಬೀಗರೇ."

"ಕಟ್ಟಿದ್ದು ಯಾರು?" ಎಂದರು ಬಾಂಗ್, ಎದೆಯುಬ್ಬಿಸಿ.

"ಇಬ್ಬರೂ ಸೇರಿ ಅಲ್ವಾ? ಒಬ್ಬರಿಂದ ಆಗೋ ಕೆಲಸವಾ ಇದು?"

ಬಾಂಗ್ ಕಲ್ಲಿನ ಬಟ್ಟಲನ್ನು ಗುಕ್ ಕಡೆ ತಳ್ಳಿದರು. ಇನ್ನೊಂದು ಆಟ ಶುರುವಾಯಿತು, ಸುಮ್ಮನೆ, ಯಾವ ಪಣವೂ ಇಲ್ಲದೆ. ಕ್ಷೌರದಂಗಡಿಯ ಗಿರಾಕಿ ಆವತ್ತು ಅರ್ಧ ಗಡ್ಡದಲ್ಲೇ ಮನೆಗೆ ಹೋದನೆಂದು ಆಮೇಲೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಸೋಹೀ ನೋಂದಣಿ ಕಚೇರಿಗೆ ಹೋಗಿ ತಾನೇ ಹೆಸರು ಬರೆಸಿದಳು. ಬಾಂಗ್ ಮಾರು. ಬೆಟ್ಟದ ನೆತ್ತಿ ಎಂದರ್ಥ. ವಂಶಾವಳಿಯಲ್ಲಿ ಇಲ್ಲ, ಜೋಯಿಸನ ಕಾಗದದಲ್ಲಿ ಇಲ್ಲ. ಮುದುಕರಿಬ್ಬರೂ ಹೆಸರನ್ನು ಎರಡು ದಿನ ಬಾಯಲ್ಲಿ ಹೊರಳಿಸಿ, "ಆ ಇನ್ನೊಂದಕ್ಕಿಂತ ಪರವಾಗಿಲ್ಲ" ಎಂದರಂತೆ.

ಫೆಬ್ರವರಿಯಲ್ಲಿ ಕೂಸಿನ ನೂರನೇ ದಿನದ ಊಟ. ಬಿಳಿ ಅಕ್ಕಿಯ ಕಡುಬು, ಕಡಲಪಾಚಿಯ ಸಾರು, ಎರಡೂ ಕಡೆಯ ಬಂಧುಗಳು ಒಂದೇ ಚಾಪೆಯ ಮೇಲೆ. ಅಷ್ಟು ಹೊತ್ತಿಗೆ ತಾಕ್‌ಳ ಕಥೆ ಊರಲ್ಲಿ ಬೆಳೆದು ಹೆಮ್ಮರವಾಗಿತ್ತು. ಅದಕ್ಕೆ ನೀರು ಹೊಯ್ದವರಲ್ಲಿ ನಾನೂ ಒಬ್ಬ ಎಂಬುದನ್ನು ಅಲ್ಲಗಳೆಯುವುದಿಲ್ಲ. ಗಿತೇ ಎರಡು ಬಟ್ಟಲು ಮಕ್ಕೊಲ್ಲಿ ಹೆಂಡ ಏರಿಸಿ ಎದ್ದು ನಿಂತು ಭಾಷಣ ಶುರು ಮಾಡಿದ.

"ಆವತ್ತು ಅಕ್ಕ ಏನು ಮಾಡಿದ್ರು ಅಂತ ನನಗೆ ತಡವಾಗಿ ಅರ್ಥವಾಯ್ತು. ಒತ್ತಿದ್ರೆ ಅಪ್ಪನ ಸಿಟ್ಟು, ಒತ್ತದಿದ್ರೆ ಮಾವನ ಕಣ್ಣೀರು. ಅಕ್ಕ ಇಬ್ಬರ ಕಡೇನೂ ನೋಡಲಿಲ್ಲ. ಕೂಸಿನ ಕಡೆ ನೋಡಿದ್ರು. ಅದರ ಹೆಸರು ಅದರ ತಾಯಿ ಇಡ್ಲಿ ಅಂತ ತೀರ್ಮಾನ ಮಾಡಿದ್ರು. ಬೀಗರು ಒಂದಾಗ್ಲಿ ಅಂತ ಮೊದಲೇ ಕಂಡಿದ್ರು." ಅವನು ತಾಕ್ ಕಡೆ ತಿರುಗಿದ. "ಕಿಟಕಿ ಆಚೆ ನೋಡಿದ್ರಲ್ಲ ಅಕ್ಕಾ, ಆವಾಗ ಏನು ಯೋಚನೆ ಮಾಡ್ತಿದ್ರಿ? ಹೇಳಿ, ಎಲ್ರೂ ಕೇಳ್ಲಿ."

 ಮುದುಕ ಬಾಂಗ್ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಗುಕ್ ಕಣ್ಣೊರೆಸಿಕೊಂಡರು. ಸೋಹೀ ಮಾರುವನ್ನು ತಾಕ್‌ಳ ತೊಡೆಯ ಮೇಲೆ ಕೂರಿಸಿದಳು. ತಾಕ್ ಬಾಯಲ್ಲಿದ್ದ ಕಡುಬನ್ನು ನುಂಗಿ ಮುಗಿಸಿದಳು.

"ಕೋಸಿಗೆ ಉಪ್ಪು ಹಾಕಿ ಬಂದಿದ್ದೆ ಕಣೋ. ಕತ್ತಲಾಗೋದ್ರೊಳಗೆ ತೊಳೀದಿದ್ರೆ ವರ್ಷದ ಕಿಮ್ಚಿ ಎಲ್ಲ ಉಪ್ಪಾಗ್ತಿತ್ತು. ಆಟ ಮುಗೀದೆ ನೀನು ಮನೆಗೆ ಬಿಡ್ತಿರಲಿಲ್ಲ."